ಇಬ್ಬರೂ ಗೋಡೆ ಕಡೆ

ಮತ್ತೆ ಸುಕ್ಕು, ಇಸ್ತ್ರಿ ಯಂತ್ರದಿಂದ ಹೊರಬಂದ ಆಸ್ಪತ್ರೆಯ ಹಾಸು ನಡುವೆ ಸೊಟ್ಟಗಾಗಿದೆ, ಇನ್ನೊಂದು ಸಲ ಹಾಕಬೇಕು, ಹಾಳಾದ್ದು, ಕೈ ಇಲ್ಲಿ ಮನಸ್ಸು ಎಲ್ಲೋ ಅಂದರೆ ಹೀಗೇ — ಅವಳ ಮನಸ್ಸು ಏಪ್ರನ್ ಜೇಬಿನ ಚೀಟಿಯಲ್ಲಿದೆ, ಚೀಟಿಯಲ್ಲಿ ವಕೀಲರ ನಂಬರು, ಅವರನ್ನು ಇಟ್ಟುಕೊಳ್ಳಲು ಮಧ್ಯಾಹ್ನದೊಳಗೆ ಹೂಂ ಅನ್ನಬೇಕು ಇಲ್ಲಾ ಊಹೂಂ ಅನ್ನಬೇಕು, ಸೋಮವಾರ ವಲಸೆ ಕಚೇರಿಯಲ್ಲಿ ಸಂದರ್ಶನ, ಗಂಡ ಈ ದೇಶದ ಪ್ರಜೆ, ಅವಳಲ್ಲ, ಮದುವೆ ನಿಜ ಅಂತ ಅಧಿಕಾರಿಗೆ ಅನ್ನಿಸಿದರೆ ಇಲ್ಲೇ ಇರಬಹುದು, ಅನ್ನಿಸದಿದ್ದರೆ ಗಂಟುಮೂಟೆ ಕಟ್ಟಬೇಕು, ಅಷ್ಟೇ, ಅಷ್ಟೇ ಅಂತೆ! ನಿನ್ನೆ ಸಂಜೆ ನಾದಿನಿ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು ಪರೀಕ್ಷೆ ಇಟ್ಟಳು, ಅಲ್ಲಿ ಗಂಡ ಹೆಂಡತೀನ ಬೇರೆ ಬೇರೆ ಕೂರಿಸಿ ಇಂಥದ್ದೇ ಕೇಳ್ತಾರಂತೆ, ನಕಲು ಹೊಡೀಬೇಡಿ ಮತ್ತೆ, ಹಲ್ಲುಜ್ಜೋ ಬ್ರಷ್ಷಿನ ಬಣ್ಣ ಸರಿಹೋಯಿತು, ಅತ್ತೆಗೆ ಯಾವ ಮಂಡಿ ನೋವು ಅನ್ನೋದೂ ಸರಿಹೋಯಿತು, ಹಾಸಿಗೆಯಲ್ಲಿ ನೀವು ಮಲಗೋದು ಯಾವ ಕಡೆ — ಅವಳು ಬರೆದಳು ಗೋಡೆ ಕಡೆ, ಅವನೂ ಬರೆದ ಗೋಡೆ ಕಡೆ, ನಾದಿನಿ ಬಿದ್ದು ಬಿದ್ದು ನಕ್ಕಳು, ಏನ್ರೀ, ಒಬ್ಬರ ಮೇಲೊಬ್ಬರಾ, ಆಮೇಲೆ ನಗು ನಿಂತಿತು, ಇದನ್ನ ಅಲ್ಲಿ ಹೇಳಿದ್ರೆ ಕಥೆ ಮುಗೀತು ಅತ್ತಿಗೆ, ಸುಮ್ನೆ ವಕೀಲರನ್ನ ಇಟ್ಕೊಳ್ಳಿ.

ಆದರೆ ಸುಳ್ಳೇನಿದೆ ಅದರಲ್ಲಿ, ಅವನು ಬೇಕರಿಯವನು, ರಾತ್ರಿಯೆಲ್ಲ ಒಲೆ ಮುಂದೆ, ಅವಳದು ಬೆಳಗಿನ ಪಾಳಿ, ರಜೆಯೂ ಬೇರೆ ಬೇರೆ ದಿನ, ರಜೆಯ ರಾತ್ರಿಯೂ ಅವನಿಗೆ ನಿದ್ದೆ ಹತ್ತದು, ಎರಡು ವರ್ಷದಿಂದ ಒಂದೇ ಹಾಸಿಗೆ, ಅದರಲ್ಲಿ ಒಂದೇ ತಗ್ಗು, ಗೋಡೆ ಕಡೆ, ಅವಳು ಎದ್ದರೆ ಅವನು, ಅವನು ಎದ್ದರೆ ಅವಳು. ಪಕ್ಕದ ಯಂತ್ರದ ಅಕ್ಕ ಹಾಸಿನ ಇನ್ನೊಂದು ತುದಿ ಹಿಡಿದು, ವಕೀಲರು ಯಾಕೆ ಬೇಕೇ ನಿಂಗೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗತ್ತೆ, ಇದ್ದದ್ದು ಇದ್ದ ಹಾಗೆ ಹೇಳು. ಹೇಳಿದರೆ ನಂಬಬೇಕಲ್ಲ ಮಹರಾಯ್ತಿ! ನಾನು ಬಾಗಿಲ ಕಡೆ ಅಂತ ಕಲಿತು ಒಪ್ಪಿಸಲೇ, ನಿಜವಾದ ಮದುವೆಗೆ ಸುಳ್ಳಿನ ಸಾಕ್ಷಿ ಹಾಕಲೇ, ನುಂಗಲಾರೆ ಉಗುಳಲಾರೆ ಬಿಸಿ ತುಪ್ಪ, ಭಯವಾಗುತ್ತದೆ, ಅವನನ್ನು ಬಿಟ್ಟು ಎಲ್ಲಿಗೆ ಹೋಗುವುದು — ಚಹಾ ವಿರಾಮದ ಗಂಟೆ, ಬೆರಳು ನಂಬರು ಒತ್ತಿಯೇ ಬಿಟ್ಟಿದೆ, ಆ ಕಡೆ ವಕೀಲರ ಗುಮಾಸ್ತೆ, ಹೇಳಿಯಮ್ಮ, ನಿಜವಾದ ಮದುವೆ ತಾನೇ, ಒಟ್ಟಿಗೆ ಬಾಳ್ತಿದೀರ ಅನ್ನೋದಕ್ಕೆ ಪುರಾವೆ ಏನಿದೆ, ಇದೆ, ಇದೆ ಮೇಡಂ, ಬೆಳಗ್ಗೆ ಅವಳು ಚಪ್ಪಲಿ ಹಾಕಿಕೊಳ್ಳುವಾಗ ಅವನು ಹಿಟ್ಟಿನ ಕೈಯನ್ನೂ ಸರಿಯಾಗಿ ತೊಳೆಯದೆ ಬಂದು ಗೋಡೆ ಕಡೆ ಉರುಳಿ, ನೀನು ಬಿಟ್ಟುಹೋದ ಬಿಸಿ ಇನ್ನೂ ಇದೆ ಕಣೇ, ಅಂತ ಕಣ್ಣು ಮುಚ್ಚುತ್ತಾನೆ, ಹಲೋ, ಏನು ಪುರಾವೆ ಅಂದ್ರಿ, ಹಲೋ, ಆ ತಗ್ಗು, ಗೋಡೆ ಕಡೆ, ಇನ್ನೂ ಬೆಚ್ಚಗೆ, ಆ ತಗ್ಗು —