ಗೋಡೆಗೇರಿದ ಕಟ್ಲಾ

ನಾನು ಸೊಸೆಯಾಗಿ ಬಂದಾಗಿನಿಂದ ಮಾವನವರು ಬಾಯಿಬಿಟ್ಟು ಏನನ್ನೂ ಬೇಡಿದವರಲ್ಲ. ಅಂಥವರು ಆ ರವಿವಾರ ತುಬಚಿಯ ಹೊಳೆದಂಡೆಯಿಂದ ಬಂದವರೇ, ಬುಟ್ಟಿಯಲ್ಲಿ ಹಿಡಿಸದೆ ಬಾಲ ಹೊರಗೆ ಚಾಚಿದ್ದ ಬಾಳೆಮೀನನ್ನು ಪಡಸಾಲೆಯಲ್ಲಿ ಇಳಿಸಿ, "ದುರಗೇಶಾ, ಇದನ್ನ ಗ್ವಾಡಿಗಿ ಹಾಕಸೋ," ಎಂದರು ಮಗನಿಗೆ. ಗಾಳದ ದಾರ ಕೊಯ್ದು ಅವರ ಅಂಗೈ ಬಾಯಿ ಬಿಟ್ಟಿತ್ತು.

ಕೊಲ್ಹಾಪುರದಲ್ಲಿ ಒಬ್ಬನಿದ್ದಾನೆ. ಸತ್ತ ಮೀನಿನ ತೊಗಲೊಳಗೆ ಏನೇನೋ ತುಂಬಿ, ಈಗಷ್ಟೇ ನೀರಿನಿಂದ ಜಿಗಿದಂತೆ ಮಾಡಿಕೊಡುತ್ತಾನೆ. ನಮ್ಮವರು ಫೋನ್ ಮಾಡಿದರೆ, "ಸದ್ಯ ಒಂದೇ ತಗೋತೀನಿ, ಛಲೋದು ಆರಿಸಿ ಕಳಸ್ರಿ," ಎಂದನಂತೆ.

ಅಲ್ಲೇ ತೊಡಕು. ಅದೇ ದಿನ ಜೊತೆಗೆ ಹೋಗಿದ್ದ ಚಿದಾನಂದ ಸಾಹೇಬರೂ ಒಂದು ಕಟ್ಲಾ ಮೀನು ಹಿಡಿದಿದ್ದರು. ಹಿಡಿದಿದ್ದರು ಎನ್ನುವುದು ಮಾತಿಗೆ. ಗಾಳಕ್ಕೆ ಹಿಟ್ಟು ಕಟ್ಟಿದವರು, ಎಸೆದವರು, "ಈಗ ಜಗ್ರಿ" ಎಂದವರು ಎಲ್ಲ ನಮ್ಮ ಮಾವನವರೇ. ಸಾಹೇಬರು ನನ್ನ ಗಂಡನ ಬ್ಯಾಂಕಿನ ಮ್ಯಾನೇಜರು. ಮಹಾಲಿಂಗಪುರದ ಅವರ ಮನೆಯಲ್ಲಿ ತತ್ತಿ ಕೂಡ ಹೊಸ್ತಿಲು ದಾಟುವಂತಿಲ್ಲ, ತಾಯಿಯ ಕಟ್ಟುನಿಟ್ಟು. ಅದಕ್ಕೇ ರವಿವಾರ ಹಿತ್ತಲ ಬಾಗಿಲಿನಿಂದ ನಮ್ಮ ಅಡುಗೆಮನೆಗೆ ಬಂದು, ಬೆರಳು ನೆಕ್ಕಿಕೊಂಡು ಮೀನು ಉಂಡು ಹೋಗುತ್ತಿದ್ದರು. ಇವರ ಪ್ರಮೋಷನ್ನಿಗೆ ಅವರೇ ಬರೆದು ಕಳಿಸಬೇಕಿತ್ತು.

ಎರಡೂ ಮೀನು ಪಕ್ಕಪಕ್ಕ ಮಲಗಿದ್ದವು. "ಬಾಳಿ ದೊಡ್ಡದೈತಿ ಖರೆ," ಎಂದರು ಸಾಹೇಬರು. "ಆದ್ರ ಮಸಡಿ ನೋಡ್ರಿ, ಬರೇ ಬಾಯೇ ಐತಿ! ಮಕ್ಕಳು ಅಂಜ್ತಾವ. ಕಟ್ಲಾ ಅಂದ್ರ ಬೆಳ್ಳಿ ತಾಟ ಇದ್ದಂಗ."

"ಹಂಗಾರ ನಿಮ್ಮ ಮನಿಗಿ ಒಯ್ರಿ," ಎಂದರು ಮಾವನವರು.

"ಏ, ನಮ್ಮವ್ವ ನನ್ನ ಹೊರಗ ಹಾಕತಾಳ! ಇಲ್ಲೇ ಇರಲಿ, ಬಂದಾಗೊಮ್ಮೆ ನೋಡ್ತೀನಿ."

ಮಾವನವರು ಮಗನ ಕಡೆ ತಿರುಗಿದರು. "ನಮ್ಮ ಗ್ವಾಡಿ ಮ್ಯಾಲ ಅವರ ಮೀನಾ?"

"ಕಟ್ಲಾನ ಛಂದ ಕಾಣ್ತೈತಿ ಬಿಡಪಾ. ನೀ ಮತ್ತೊಂದು ಬಾಳಿ ಹಿಡೀತಿ."

"ಈ ಕೈಲೆ ಏನ್ಲೇ?" ಮಾವನವರು ಕೈ ಚಾಚಿದರು. ಅಂಗೈಯ ಗಾಯದಿಂದ ಇನ್ನೂ ರಕ್ತ ಜಿನುಗುತ್ತಿತ್ತು. ಇವರು ನೋಡಲಿಲ್ಲ. ಥರ್ಮಾಕೋಲ್ ಡಬ್ಬಿಯಲ್ಲಿ ಕಟ್ಲಾಕ್ಕೆ ಬರ್ಫ ತುಂಬುತ್ತಿದ್ದರು.

ಬಾಳೆಮೀನು ನನ್ನ ಒಲೆಗೆ ಬಂತು. ನಮ್ಮ ಮನೆಯಲ್ಲಿ ಮೀನು ಹಿಡಿದವನ ತಾಟಿಗೇ ತಲೆ ಬೀಳಬೇಕು, ಅದು ಅತ್ತೆಯವರ ಕಾಲದ ರೂಢಿ. ನಾನು ಸೌಟನ್ನು ಮಾವನವರ ಕಡೆ ಒಯ್ಯುವುದರೊಳಗೆ ಇವರು ಅದನ್ನು ಕಸಿದು ಸಾಹೇಬರ ತಾಟಿಗೆ ಸುರಿದರು. "ಆಹಾ ತಂಗೀ, ಏನ್ ರುಚಿ!" ಎಂದರು ಸಾಹೇಬರು. ಮಾವನವರು ಬರೀ ಸಾರಿನಲ್ಲಿ ರೊಟ್ಟಿ ಮುರಿದುಕೊಂಡು ಉಂಡರು.

ಇವರಿಗೆ ಪ್ರಮೋಷನ್ ಆಯಿತು. ಕಟ್ಲಾ ಗೋಡೆಗೇರಿತು. ಅಭಿನಂದನೆ ಹೇಳಲು ಸಾಹೇಬರು ಈ ಸಲ ಮುಂಬಾಗಿಲಿನಿಂದ ಬಂದರು, ಜೊತೆಗೆ ಅವರ ಹೆಂಡತಿಯ ಅಣ್ಣ ಈಶ್ವರ.

"ಚಹಾ ಬ್ಯಾಡ್ರಿ, ಈಗರೆ ಆತು," ಎಂದ ಈಶ್ವರ ಗೋಡೆ ನೋಡಿ ಬೆರಗಾದ. "ಅಬಬಬ! ಇದನ್ನ ಯಾರು ಹಿಡದದ್ದು?"

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಇವ್ರ ಅಪ್ಪಾರು, ಗಂಗಾರಾಮಪ್ಪನವರು. ಭಾರಿ ಹುಷಾರ ಮನಷ್ಯಾರು!" ಅಲ್ಲಿಯವರೆಗೆ ಅವರ ಬಾಯಲ್ಲಿ ಮಾವನವರು ಬರೀ "ಏ ಗಂಗಾರಾಮ".

"ನಂದಲ್ರಿ ಅದು," ಎಂದರು ಮಾವನವರು, ಕೂತಲ್ಲಿಂದಲೇ. "ಸಾಹೇಬರದು. ನಂದು ಬಾಳಿ ಇತ್ತು. ಅದನ್ನ ಸಾಹೇಬ್ರು ಇಲ್ಲೇ ಕುಂತು ಉಂಡ್ರು. ತಲಿ ಸೈತ."

ಈಶ್ವರ ಸಾಹೇಬರನ್ನು ನೋಡಿದ. ಸಾಹೇಬರು ನಕ್ಕರು, ಆದರೆ ಕಣ್ಣು ನನ್ನ ಗಂಡನ ಮೇಲಿತ್ತು.

"ಇತ್ತಿತ್ಲಾಗ ಹಿಂಗ ಮಾಡ್ತಾನ್ರಿ ನಮ್ಮಪ್ಪ," ಎಂದರು ಇವರು. "ವಯಸ್ಸಾತಲ್ರಿ. ತಲಿ ನೆಟ್ಟಗಿಲ್ಲ."

"ಹೌದಾ? ಪಾಪ," ಎಂದು ಈಶ್ವರ ಮೊಬೈಲ್ ತೆಗೆದ. "ಬಾ ಅಜ್ಜಾ, ಮೀನಿನ ಕೆಳಗ ನಿಂದ್ರು, ಒಂದು ಫೋಟೋ ಹೊಡೀತೀನಿ." ರಟ್ಟೆ ಹಿಡಿದು ನಿಲ್ಲಿಸಿದ. ಮಾವನವರು ನಿಂತರು. ಅವರ ಎಡಬಲಕ್ಕೆ ಸಾಹೇಬರೂ ಇವರೂ ಬಂದು ನಿಂತರು.

ಫೋಟೋದಲ್ಲಿ ಸಾಹೇಬರು, ಇವರು ಇಬ್ಬರೂ ನಗುತ್ತಿದ್ದಾರೆ. ಮಾವನವರು ಮಾತ್ರ ಮೊಬೈಲ್ ಕಡೆ ನೋಡದೆ ಮಗನ ಮುಖವನ್ನೇ ನೋಡುತ್ತಿದ್ದಾರೆ. ಇವರು ಅದನ್ನೇ ಸಂಜೆ ಸ್ಟೇಟಸ್ಸಿಗೆ ಹಾಕಿ, ಕೆಳಗೆ ಬರೆದರು: ಅಪ್ಪ ಹಿಡಿದ ಮೀನು.