ಕೊನೆ ಬೀದಿಗೆ ಒಂಬತ್ತು ಸುತ್ತು

ನಮ್ಮ ಕೊನೆ ಬೀದಿಯಲ್ಲಿ ನಲ್ಲಿ ನೀರು ಕಿರುಬೆರಳ ಗಾತ್ರ ಬಂದರೆ ಅದೇ ಭಾಗ್ಯ. ಬೆಳಿಗ್ಗೆ ಆರರಿಂದ ಏಳರವರೆಗೆ ನೀರು ಬಿಡುತ್ತಾರೆ. ಒಂದು ಬಕೆಟ್ ತುಂಬುವಷ್ಟರಲ್ಲಿ ನಾಲ್ಕು ಮನೆಗಳ ಜಗಳ ಮುಗಿದು ಐದನೆಯದು ಶುರುವಾಗಿರುತ್ತದೆ. ಎಲ್ಲರೂ ಬೈಯುವುದು ಒಬ್ಬರನ್ನೇ, ನೀರು ಬಿಡುವ ಚಾವಿಯಣ್ಣನನ್ನು. ಅವರ ಮನೆಯೂ ಇದೇ ಬೀದಿಯಲ್ಲಿದೆ. ಅವರ ಹೆಂಡತಿಯೂ ನಮ್ಮ ಹಾಗೆಯೇ ಬಕೆಟ್ ಹಿಡಿದು ಕಾಯುತ್ತಾರೆ, ನಮ್ಮ ಹಾಗೆಯೇ ಬೈಯುತ್ತಾರೆ.

ಉದ್ದನೆಯ ಕಬ್ಬಿಣದ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು ಓಡಾಡುವುದರಿಂದ ಅವರಿಗೆ ಆ ಹೆಸರು. ಬೀದಿ ಬೀದಿಯ ಗುಂಡಿಯೊಳಗಿನ ವಾಲ್ವಿಗೆ ಚಾವಿ ಇಳಿಸಿ, ಎಣಿಸಿ ತಿರುಗಿಸುವುದು ಕೆಲಸ. ಮೇಲಿನ ಬೀದಿಗೆ ಇಪ್ಪತ್ತು ಸುತ್ತು, ನಡುಬೀದಿಗೆ ಹದಿನಾರು, ಕೊನೆ ಬೀದಿಗೆ ಒಂಬತ್ತು. ಹದಿನೆಂಟು ವರ್ಷದಲ್ಲಿ ಒಂದು ದಿನವೂ ಎಣಿಕೆ ತಪ್ಪಿಲ್ಲ. ಅವರ ಮಗಳು ಅಂಕಿ ಕಲಿತದ್ದೇ ನಮ್ಮ ಬೀದಿಯ ಗುಂಡಿಯ ಪಕ್ಕ ನಿಂತು. ಒಂಬತ್ತರ ಮೇಲೆ ಹತ್ತು ಅನ್ನುವುದೊಂದಿದೆ ಎಂದು ಅವಳಿಗೆ ಗೊತ್ತಾದದ್ದು ಶಾಲೆಗೆ ಸೇರಿದ ಮೇಲೆ ಎಂದು ನಾವು ಛೇಡಿಸುತ್ತಿದ್ದೆವು.

ಆ ಹುಡುಗಿ ಈಗ ಡಿಗ್ರಿ ಕೊನೆಯ ವರ್ಷ. ನಾನು ಬೀದಿ ತುದಿಯ ಲೈಬ್ರರಿಯಲ್ಲಿ ಪುಸ್ತಕ ಕೊಡುವವಳು. ಕಾಲೇಜಿನ ಕೊನೆಯ ವರ್ಷದವರಿಗೆಂದು ಸಾರ್ವಜನಿಕ ನೀತಿಯ ಫೆಲೋಶಿಪ್ ಒಂದಿದೆ. ಅದರ ಪ್ರಕಟಣೆಯನ್ನು ಪ್ರತಿ ವರ್ಷ ಬೋರ್ಡಿಗೆ ಅಂಟಿಸುವವಳು ನಾನೇ. ಈ ಸಲ ನಮ್ಮ ಬೀದಿಯಿಂದ ಅರ್ಜಿ ಹಾಕಿದವಳು ಇವಳೊಬ್ಬಳೇ. ಬುಧವಾರ ಮೇಲ್ ಬಂತು. ಆಯ್ಕೆಯಾಗಿದ್ದೀರಿ, ಶುಕ್ರವಾರ ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಿ ಎಂದಿತ್ತು.

ಗುರುವಾರ ಸಂಜೆ ಖುಷಿಯಿಂದ ಅವರ ಮನೆಗೆ ಹೋದೆ. ಒಳಗೆ ಕಾಲಿಟ್ಟರೆ ಒಬ್ಬರ ಮುಖದಲ್ಲೂ ಕಳೆಯಿಲ್ಲ. ತಾಯಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು, ಹೊಲಿಯುತ್ತಿರಲಿಲ್ಲ.

"ಅಕ್ಕ, ನಾನು ಬರಲ್ಲ ಅಂತ ಬರೆದುಬಿಡ್ತೀನಿ," ಎಂದಳು ಮಗಳು.

"ಯಾಕೆ?"

ಉತ್ತರ ಕೊಟ್ಟದ್ದು ಚಾವಿಯಣ್ಣ. "ಅರ್ಜೀಲಿ ಇವಳು ಏನು ಬರ್ದಿದಾಳೆ ಕೇಳಮ್ಮ. ನಮ್ಮ ಬೀದಿಗೆ ಒಂಬತ್ತೇ ಸುತ್ತು ಯಾಕೆ ಅಂತ ಬರ್ದಿದಾಳೆ. ನಾನು ಗುತ್ತಿಗೆ ಆಳು. ಆಫೀಸಿನವರು ಬೇಡ ಅಂದ್ರೆ ಅವತ್ತೇ ಚಾವಿ ಕೆಳಗಿಡಬೇಕು. ನನ್ನ ಹೊಡೆಯೋಕೆ ನನ್ನ ಮಗಳೇ ಕೋಲು ಕೊಟ್ಟಂಗಾಯ್ತು."

"ನಿಮ್ಮ ಹೆಸರು ಬರ್ದಿಲ್ಲ ಅಪ್ಪ."

"ಕೊನೆ ಬೀದಿಗೆ ಚಾವಿ ತಿರುಗಿಸೋನು ಊರಿಗೆಲ್ಲ ಒಬ್ಬನೇ. ಹೆಸರು ಬೇರೆ ಬೇಕಾ?"



"ಅದೇನು ಅಂತಲೇ ನನಗೆ ಗೊತ್ತಾಗ್ತಿಲ್ಲ," ಎಂದರು ತಾಯಿ. "ನೀತಿ ಅಂತೆ, ಫೆಲೋಶಿಪ್ ಅಂತೆ. ಮಕ್ಕಳನ್ನ ಕರ್ಕೊಂಡು ಹೋಗಿ ಘೋಷಣೆ ಕೂಗಿಸ್ತಾರೋ, ದುಡ್ಡು ಕಿತ್ಕೋತಾರೋ ಯಾರು ಕಂಡ್ರು?"

"ಸೇರ್ಕೊಳ್ಳೋಕೆ ದುಡ್ಡು ಕೇಳಿದ್ರೆ ಮೋಸ ಅಂತಲೇ ತಿಳ್ಕೊಳ್ಳಿ," ಎಂದೆ. "ಇವರು ಒಂದು ಪೈಸೆ ಕೇಳಿಲ್ಲ. ಮೇಲ್ ನಿಜಾನಾ ಅಂತ ನಾನೇ ಕಾಲೇಜಿಗೆ ಹೋಗಿ ವಿಚಾರಿಸ್ದೆ, ನಿಜ ಅಂದ್ರು. ಪರೀಕ್ಷೆ ಮುಗಿದ ಮೇಲೆ ಹತ್ತು ತಿಂಗಳು. ಇರೋಕೆ ಜಾಗ, ತಿಂಗಳ ಖರ್ಚು ಅವರದೇ. ಒಂದು ನಿಯಮ ಹೇಗೆ ಹುಟ್ಟುತ್ತೆ, ಅದರಿಂದ ಯಾರಿಗೆ ಅನುಕೂಲ, ಯಾರಿಗೆ ತೊಂದರೆ ಅಂತ ಅಳೆದು ನೋಡೋದು ಕಲಿಸ್ತಾರೆ. ಒಪ್ಪಿಗೆ ಇಲ್ಲದೆ ಯಾರ ಗುರುತನ್ನೂ ವರದೀಲಿ ಹಾಕೋ ಹಾಗಿಲ್ಲ." ಆಮೇಲೆ ಚಾವಿಯಣ್ಣನ ಕಡೆ ತಿರುಗಿದೆ. "ಒಂಬತ್ತು ಅಂತ ಹೇಳಿದ್ದು ಯಾರು ಅಣ್ಣ?"

"ಮೊದಲಿದ್ದ ಇಂಜಿನಿಯರ್. ಪೈಪ್ ಹಳೇದು, ಜಾಸ್ತಿ ಬಿಟ್ರೆ ಒಡೆಯುತ್ತೆ ಅಂದಿದ್ರು."

"ಆ ಪೈಪ್ ತೆಗೆದು ಹೊಸದು ಹಾಕಿ ಏಳು ವರ್ಷ ಆಯ್ತಲ್ಲ?"

"ಹಾಕಿದ್ರು. ಹತ್ತು ತಿರುಗಿಸು ಅಂತ ಯಾರೂ ಹೇಳ್ಲಿಲ್ಲ."

"ನೀವು ಕೇಳ್ಲಿಲ್ವಾ?"

"ಕೇಳೋದು ನನ್ನ ಕೆಲಸ ಅಲ್ಲಮ್ಮ. ತಿರುಗಿಸೋದು ನನ್ನ ಕೆಲಸ."

ಯಾರಿಗೂ ಹೇಳದ ಮಾತೊಂದನ್ನು ಅಲ್ಲಿ ಹೇಳಿಬಿಟ್ಟೆ. ಆರು ವರ್ಷದ ಹಿಂದೆ ಇಂಥದೇ ಮೇಲ್ ನನಗೂ ಬಂದಿತ್ತು. ಮನೆಯಲ್ಲಿ ಯಾರೂ ತಡೆಯಲಿಲ್ಲ, ನಾನೇ ಹೆದರಿದೆ. ದೊಡ್ಡ ಕಾಲೇಜಿನವರ ನಡುವೆ ಬಾಯಿ ಬಿಟ್ಟರೆ ಬಣ್ಣಗೇಡು ಎಂದುಕೊಂಡೆ. ಐದು ಗಂಟೆಯಾಗಲಿ ಎಂದು ಗಡಿಯಾರ ನೋಡುತ್ತಾ ಕೂತೆ, ಐದಾಯಿತು. ಅಂದಿನಿಂದ ಬೇರೆಯವರಿಗಾಗಿ ಪ್ರಕಟಣೆ ಅಂಟಿಸುತ್ತಿದ್ದೇನೆ.

ಮನೆಗೆ ಬಂದರೆ ನನಗೇ ಭಯ ಶುರುವಾಯಿತು. ನನ್ನ ಮಾತು ಕೇಳಿ ಹುಡುಗಿ ಹೊರಟು, ಇತ್ತ ಅಪ್ಪನ ಅನ್ನಕ್ಕೆ ಕಲ್ಲು ಬಿದ್ದರೆ ಏನು ಗತಿ?

ನಮ್ಮ ಬೀದಿಯ ವಾಲ್ವ್ ಇರುವುದು ಲೈಬ್ರರಿ ಗೇಟಿನ ಮುಂದೆ. ಶುಕ್ರವಾರ ಬೆಳಿಗ್ಗೆ ನಾನು ಬಕೆಟ್ ಹಿಡಿದು ಅಲ್ಲೇ ನಿಂತಿದ್ದೆ. ಚಾವಿಯಣ್ಣ ಬಂದು ಗುಂಡಿಗೆ ಚಾವಿ ಇಳಿಸಿದರು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಬಿಳಿ ಜೀಪೊಂದು ಬಂದು ನಿಂತಿತು. ಆಫೀಸಿನವರು ವಿಚಾರಣೆಗೇ ಬಂದರು ಎಂದುಕೊಂಡರು ಅವರು. ಕಣ್ಣು ಜೀಪಿನ ಮೇಲೆ, ಕೈ ಚಾವಿಯ ಮೇಲೆ. ತಿರುಗಿಸುತ್ತಲೇ ಹೋದರು. ಜೀಪಿನಿಂದ ಇಳಿದವನು ಯಾರದೋ ಮನೆಗೆ ಬಣ್ಣದ ಡಬ್ಬಿ ಇಳಿಸಿ ಹೊರಟುಹೋದ. ಚಾವಿ ಮುಂದಕ್ಕೆ ಹೋಗದೆ ನಿಂತಾಗಲೇ ಅವರಿಗೆ ಎಚ್ಚರವಾದದ್ದು.

"ಎಷ್ಟಾಯ್ತು?" ಎಂದು ನನ್ನನ್ನು ಕೇಳಿದರು.

ನಾನು ಎಣಿಸಿರಲಿಲ್ಲ. ಗಾಬರಿಯಲ್ಲಿ ದಡಕ್ಕನೆ ಮುಚ್ಚುವಂತೆಯೂ ಇರಲಿಲ್ಲ, ಹಾಗೆ ಮುಚ್ಚಿದರೂ ಪೈಪ್ ಒಡೆಯುತ್ತದೆಯಂತೆ. ಅವರು ನೆಲಕ್ಕೆ ಕಿವಿಯಿಟ್ಟು ಮಲಗಿಬಿಟ್ಟರು. "ಈಗ ಒಡೆಯುತ್ತೆ, ಈಗ ಒಡೆಯುತ್ತೆ," ಎನ್ನುತ್ತಿದ್ದರು.

ಪೈಪ್ ಒಡೆಯಲಿಲ್ಲ. ಬೀದಿಯ ಕಟ್ಟಕಡೆಯ ಮನೆಯ ಅಜ್ಜಿ ಹೊರಗೆ ಬಂದು, "ಲೋ ಚಾವಿ, ನಿಲ್ಸೋ, ಬಕೆಟ್ ತುಂಬಿ ಚೆಲ್ತಾ ಇದೆ," ಎಂದು ಕೂಗಿದರು. ಆ ಅಜ್ಜಿ ನೀರು ಸಾಕು ಎಂದದ್ದನ್ನು ನಾವು ಕೇಳಿಯೇ ಇರಲಿಲ್ಲ.

ಚಾವಿಯಣ್ಣ ಎದ್ದು ಕೂತು ಅತ್ತರು. "ಏಳು ವರ್ಷದಿಂದ ನೀರಿತ್ತಮ್ಮ. ನಾನೇ ಹಿಡ್ಕೊಂಡಿದ್ದೆ."

ಎಂಟು ಗಂಟೆಗೆ ಮೇಲಿನ ಬೀದಿಯಿಂದ ಫೋನ್ ಬಂತು. ಎಲ್ಲ ಬೀದಿಗೂ ಟ್ಯಾಂಕ್ ಒಂದೇ, ಅಲ್ಲಿ ಎಂದಿಗಿಂತ ಹತ್ತು ನಿಮಿಷ ಮೊದಲೇ ನೀರು ನಿಂತಿತ್ತು. ಚಾವಿಯಣ್ಣನೇ ಮೇಲ್ವಿಚಾರಕರಿಗೆ ಫೋನ್ ಮಾಡಿ ಎಣಿಕೆ ತಪ್ಪಿತೆಂದು ಹೇಳಿದರು. ಅವರು ಬೈದರು. ಕೆಲಸ ಉಳಿಯಿತೋ ಹೋಯಿತೋ ಹೇಳದೆ ಫೋನ್ ಇಟ್ಟರು.

"ನೋಡಿ ಅಪ್ಪ," ಎಂದಳು ಮಗಳು. "ಒಂಬತ್ತು ತಿರುಗಿಸಿದ್ರೆ ನಮಗೆ ತೊಂದರೆ, ಪೂರ್ತಿ ತಿರುಗಿಸಿದ್ರೆ ಅವರಿಗೆ. ಸರಿಯಾದ ಲೆಕ್ಕ ಎಷ್ಟು ಅಂತ ಯಾರೂ ಅಳೆದೇ ಇಲ್ಲ. ಅದನ್ನ ಕಲಿಯೋಕೇ ನಾನು ಅರ್ಜಿ ಹಾಕಿದ್ದು."

ಸಂಜೆ ನಾಲ್ಕೂ ಮುಕ್ಕಾಲಿಗೆ ಮೂವರೂ ಲೈಬ್ರರಿಗೆ ಬಂದರು. ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಅಪ್ಪನ ಕಡೆ ತಿರುಗಿದಳು.

"ನಿಮ್ಮ ಕೆಲಸ ಹೋದ್ರೆ ಅಪ್ಪ?"

"ಹೆದರಿಕೆ ಆಗ್ತಿದೆ ಕಣಮ್ಮ, ಇಲ್ಲ ಅನ್ನಲ್ಲ," ಎಂದರು ಚಾವಿಯಣ್ಣ. "ಇಷ್ಟು ದಿನ ಹೆದರ್ಕೊಂಡೇ ತಿರುಗಿಸ್ದೆ, ಬೀದಿಗೆಲ್ಲ ನೀರಿಲ್ಲ. ನೀನು ಕೇಳು. ಯಾರಾದ್ರೂ ಎಣಿಸಿದ್ದು ಯಾರು ಅಂದ್ರೆ ನನ್ನ ಹೆಸರೇ ಬರಿ. ನಾನು ಒಪ್ಪಿದೀನಿ."

ತಾಯಿ ಮಗಳ ಹೆಗಲ ಮೇಲೆ ಕೈಯಿಟ್ಟರು. ಐದಕ್ಕೆ ನಾಲ್ಕು ನಿಮಿಷ ಇರುವಾಗ ಒಪ್ಪಿಗೆ ಹೋಯಿತು.

ಇದು ನಡೆದು ಮೂರು ತಿಂಗಳಾಯಿತು. ಚಾವಿ ಇನ್ನೂ ಅವರ ಹೆಗಲ ಮೇಲೇ ಇದೆ. ಫೋನ್ ಬಂದರೆ ಈಗಲೂ ಬೆಚ್ಚುತ್ತಾರೆ. ಹೊಸ ಲೆಕ್ಕ ಯಾರೂ ಕೊಟ್ಟಿಲ್ಲ, ನಮ್ಮ ಬೀದಿಗೆ ಈಗಲೂ ಒಂಬತ್ತೇ ಸುತ್ತು. ಆದರೆ ಯಾಕೆ ಎಂದು ಕೇಳುವವಳೊಬ್ಬಳು ಅಳತೆ ಕಲಿಯಲು ಹೋಗಿದ್ದಾಳೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕಾಲೇಜಿನ ಕೊನೆಯ ವರ್ಷದ ಮಗನೋ ಮಗಳೋ ಇದ್ದರೆ ಇಂಥ ಫೆಲೋಶಿಪ್ ಬಗ್ಗೆ ಕಾಲೇಜಿನಲ್ಲಿ ಕೇಳಿ. ನಿಜವೋ ಸುಳ್ಳೋ ಎಂದು ವಿಚಾರಿಸಿ, ಸೇರಿಸಿಕೊಳ್ಳಲು ದುಡ್ಡು ಕೇಳಿದರೆ ದೂರವಿರಿ. ನಿಮ್ಮ ಬೀದಿಯ ತೊಂದರೆಯನ್ನೇ ಅರ್ಜಿಯಲ್ಲಿ ಬರೆಯಲು ಹೇಳಿ, ಅದು ನಿಮ್ಮಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ. ಭಯ ಹೋಗಲಿ ಎಂದು ಮಾತ್ರ ಕಾಯಬೇಡಿ. ನಾನು ಕಾದು ನೋಡಿದ್ದೇನೆ. ಭಯ ಹೋಗುವುದಿಲ್ಲ, ತಾರೀಖು ಹೋಗುತ್ತದೆ.