ಕದದ ಹಿಂದಿನವರಿಗೆ

ಶುಭಸಂದೇಶ ಬಳಗದವರು ಮಸಗುಪ್ಪಿಯಲ್ಲಿ ಬಾಡಿಗೆಗೆ ಹಿಡಿದ ಮನೆ ಊರ ತುದಿಯಲ್ಲಿ, ಹೊಳೆಗೆ ಇಳಿಯುವ ದಾರಿಯ ಮೇಲಿತ್ತು. ಕಲ್ಲಿನ ಗೋಡೆಯ ಹಳೆಯ ಮಾಳಿಗೆ ಮನೆ. ಘಟಪ್ರಭೆ ಊರೊಳಗೆ ನುಗ್ಗಿದ ವರ್ಷ ಸುತ್ತಲಿನ ಮಣ್ಣಿನ ಮನೆಗಳೆಲ್ಲ ಕುಸಿದಿದ್ದವು. ಇದೊಂದು, ಇದರ ಗೋಡೆಗೆ ಅಂಟಿಕೊಂಡಿದ್ದ ಸಾವಂತ್ರೆವ್ವನ ಮನೆಯೊಂದು ಉಳಿದಿದ್ದವು. ಮಾಲೀಕ ರಾಜಪ್ಪ ಆಮೇಲೆ ಈ ಮನೆಯಲ್ಲಿ ಒಂದು ದಿನವೂ ಇರದೆ ಮೂಡಲಗಿಗೆ ಹೋಗಿ ನೆಲೆಸಿದ್ದ.

ಬಳಗ ಇನ್ನೂ ಎಳೆಯದು. ಅದು ಕನ್ಯಾಸ್ತ್ರೀಯರ ಮಠವಲ್ಲ, ಸಂಸಾರಿಗಳ ಸಂಘವೂ ಅಲ್ಲ. ಒಂದೇ ಸೂರಿನಡಿ ಬದುಕಿ, ಒಟ್ಟಿಗೆ ಪ್ರಾರ್ಥಿಸಿ, ಯೇಸುವಿನ ಮಾತನ್ನು ಜನರಿಗೆ ಮುಟ್ಟಿಸುತ್ತೇವೆಂದು ಮಾತು ಕೊಟ್ಟ ಕೆಲವು ಕ್ಯಾಥೊಲಿಕ್ ಯುವಕ ಯುವತಿಯರ ಕೂಟ. ಮಸಗುಪ್ಪಿಯಲ್ಲಿದ್ದವರು ನಾಲ್ವರು. ಹಿರಿಯಳಾದ ಶೋಭಾ ಶಾಲಾ ಮಾಸ್ತರಿಕೆ ಬಿಟ್ಟು ಬಂದವಳು. ಅಭಿಷೇಕ ಮೋಟರ್ ಸೈಕಲ್ಲಿನ ಮೇಲೆ ರೋಗಿಗಳನ್ನು ಗೋಕಾಕದ ದವಾಖಾನೆಗೆ ಒಯ್ಯುವವನು, ಮುಂದಿನ ಖೋಲಿಯಲ್ಲಿ ಮಲಗುವವನು. ಭಾಗ್ಯಾ ಎಲ್ಲರಿಗಿಂತ ಚಿಕ್ಕವಳು, ಚಂದಾಗಿ ಹಾಡುವವಳು. ಇನ್ನೊಬ್ಬಳು ಆಮ್ರಪಾಲಿ.

ಆಮ್ರಪಾಲಿ ಹುಕ್ಕೇರಿ ಕಡೆಯ, ಅಜ್ಜನ ಕಾಲಕ್ಕೆ ಬೌದ್ಧವಾದ ಮನೆತನದವಳು. ನರ್ಸಿಂಗ್ ಕಲಿಯುವಾಗ ಗೆಳತಿಯ ಜೊತೆ ಚರ್ಚಿನ ಬಲಿಪೂಜೆಗೆ ಹೋದವಳು ಆಮೇಲೆ ಅಲ್ಲಿಂದ ಎದ್ದು ಬರಲಿಲ್ಲ. ಅವಳ ಅಪ್ಪ ಬೈಯಲೂ ಇಲ್ಲ, ಹರಸಲೂ ಇಲ್ಲ. "ನಮ್ಮ ಮುತ್ಯಾ ಒಂದ ಬಾಗಲಾ ದಾಟಿ ಬಂದಾ. ನೀ ಮತ್ತೊಂದ ದಾಟಾಕತ್ತಿ. ದಾಟು. ಆದ್ರ ಹಿಂದ ಯಾರ ಅದಾರ ಅಂತ ಒಮ್ಮೆ ತಿರುಗಿ ನೋಡು" ಎಂದಷ್ಟೇ ಹೇಳಿದ್ದ.

ಊರಲ್ಲಿ ಅವರು ನೇರವಾಗಿ ಬೋಧಿಸಲು ಹೋಗುತ್ತಿರಲಿಲ್ಲ. ಜನ ಮೊದಲೇ ಅನುಮಾನದಿಂದ ನೋಡುತ್ತಿದ್ದರು. ಮಕ್ಕಳಿಗೆ ಪಾಠ ಹೇಳುವುದು, ಕಲ್ಲೋಳಿ, ಮೇಲವಂಕಿಯ ಕಡೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆಯುವುದು, ಯಾರಾದರೂ ಕೇಳಿದರೆ ಯೇಸುವಿನ ಬಗ್ಗೆ ಹೇಳುವುದು. ಕೇಳುವವರೇ ಕಡಿಮೆ. ಇದು ಆಮ್ರಪಾಲಿಗೆ ಒಳಗೊಳಗೇ ಕೊರೆಯುತ್ತಿತ್ತು. ಹೇಳಲು ಬಂದವಳು ತಾನು, ಯಾರಿಗೆ ಹೇಳಿದೆ?

ದಿನಾ ಹೊತ್ತು ಮುಳುಗುವಾಗ ನಾಲ್ವರೂ ನಡುಮನೆಯಲ್ಲಿ ಕೂತು ಬಳಗದ್ದೇ ಆದ ಒಂದು ಪ್ರಾರ್ಥನೆ ಹೇಳುತ್ತಿದ್ದರು. ಬಾಗಿಲ ಕಡೆ ಕೂತ ಶೋಭಾ, ಅಭಿಷೇಕ ಮೊದಲ ಮಾತು ಎತ್ತಬೇಕು. ಸಾವಂತ್ರೆವ್ವನ ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತ ಆಮ್ರಪಾಲಿ, ಭಾಗ್ಯಾ ಅದನ್ನು ಪೂರ್ತಿ ಮಾಡಬೇಕು.

"ಹೊಲದಲ್ಲಿ ಇರುವವರಿಗೆ," ಎಂದರೆ, "ನೆರಳಾಗು ತಂದೆ."

"ದಾರಿಯಲ್ಲಿ ಇರುವವರಿಗೆ," ಎಂದರೆ, "ಊರಾಗು ತಂದೆ."

"ಹೊಳೆ ದಾಟುವವರಿಗೆ," ಎಂದರೆ, "ದಡವಾಗು ತಂದೆ."

ಕಬ್ಬಿನ ಕಟಾವು ಶುರುವಾದ ದಿನಗಳವು. ಒಂದು ಸಂಜೆ ಆಮ್ರಪಾಲಿಗೆ ತನ್ನ ಬೆನ್ನ ಹಿಂದೆ ಇನ್ನೊಂದು ದನಿ ಕೇಳಿಸಿತು. 'ತಂದೆ' ಎಂಬ ಕೊನೆಯ ಮಾತನ್ನಷ್ಟೇ ಹೇಳುವ ಹೆಂಗಸಿನ ದನಿ. ಭಾಗ್ಯಾಳಿಗೆ ನೆಗಡಿಯಾಗಿರಬೇಕು ಎಂದುಕೊಂಡಳು. ಮರುದಿನ ದನಿ ಪೂರ್ತಿ ಸಾಲನ್ನು ಹೇಳಿತು. ಆಮ್ರಪಾಲಿ ಬಾಯಿ ಮುಚ್ಚಿ ಪಕ್ಕಕ್ಕೆ ನೋಡಿದಳು. ಭಾಗ್ಯಾಳೂ ಬಾಯಿ ಮುಚ್ಚಿಕೊಂಡು ಇವಳನ್ನೇ ನೋಡುತ್ತಿದ್ದಳು.

"ದಡವಾಗು ತಂದೆ" ಎಂದಿತು ಗೋಡೆ.

ಅಭಿಷೇಕ ಎದ್ದು ನಿಂತ. ಶೋಭಾ ಮಾತ್ರ ಪ್ರಾರ್ಥನೆಯನ್ನು ನಿಲ್ಲಿಸಲಿಲ್ಲ. ಕೊನೆಯ ಸಾಲಿನವರೆಗೂ ಅವಳೇ ಎತ್ತಿದಳು, ಗೋಡೆಯೇ ಮುಗಿಸಿತು.

"ಆಜೂಬಾಜೂ ಮನ್ಯಾಗ ಯಾರರೆ ಕೇಳಿ ಕಲ್ತಿರಬೇಕ್ರಿ" ಎಂದ ಅಭಿಷೇಕ. ರಾಜಪ್ಪನಿಗೆ ಫೋನ್ ಹಚ್ಚಿ, ಗೋಡೆಯ ಆಚೆ ಏನಿದೆ ಎಂದು ವಿಚಾರಿಸಿದ.

"ಆ ಕಡಿ ಸಾವಂತ್ರೆವ್ವನ ಹಿಂದಿನ ಖೋಲಿ ಐತಿ. ದನಕ್ಕ ಜ್ವಾಳದ ಕಣಿಕಿ ಒಟ್ಟತಾರ. ಮಂದಿ ಇರಂಗಿಲ್ಲ" ಎಂದ ರಾಜಪ್ಪ. ಆಮೇಲೆ ತಾನೇ, "ಯಾಕ್ರಿ, ಏನರ ಕೇಳತೈತೇನು?" ಎಂದವನು ಉತ್ತರಕ್ಕೆ ಕಾಯದೆ ಫೋನ್ ಇಟ್ಟುಬಿಟ್ಟ.

ಯಾರ ಮುಂದೆಯೂ ಈ ಮಾತು ಆಡಬೇಡಿ ಎಂದಳು ಶೋಭಾ. "ನಮ್ಮ ಪ್ರಾರ್ಥನಾಕ್ಕ ದೆವ್ವ ಓ ಅನ್ನತೈತಿ ಅಂತ ಸುದ್ದಿ ಆದ್ರ, ನಾಳಿಂದ ಒಬ್ಬ ಹುಡುಗನೂ ಪಾಠಕ್ಕ ಬರಂಗಿಲ್ಲ."

ಹಾಗೆ ಕೆಲವು ದಿನ ಕಳೆದವು. ಅಂಜಿಕೆ ಹೋಗಲಿಲ್ಲವಾದರೂ ರೂಢಿಯಾಗತೊಡಗಿತು. ಆ ದನಿಯಲ್ಲಿ ಕೆಡುಕಿನದೇನೂ ಇರಲಿಲ್ಲ. ತಗ್ಗಿದ, ತುಸು ಒಡಕಲು ದನಿ, ಕೂಗಿ ಕೂಗಿ ದಣಿದವರದಂತೆ. ಆಮ್ರಪಾಲಿ ಒಮ್ಮೆ ಗೋಡೆಗೆ ಅಂಗೈ ಇಟ್ಟು ನೋಡಿದಳು. ಕಲ್ಲು ಹಸಿಯಾಗಿತ್ತು, ತಣ್ಣಗಿತ್ತು, ಮಳೆಗಾಲ ಮುಗಿದು ಎಷ್ಟೋ ದಿನವಾಗಿದ್ದರೂ.

ಆಮೇಲೆ ಒಂದು ಸಂಜೆ ಪ್ರಾರ್ಥನೆ ಮುಗಿಯಿತು. ಶೋಭಾ ಶಿಲುಬೆಯ ಗುರುತು ಹಾಕಲು ಕೈ ಎತ್ತಿದ್ದಳು. ಆಗ ದನಿ ಮತ್ತೆ ಬಂತು. ಈ ಸಲ ಅದು ಉತ್ತರ ಹೇಳಲಿಲ್ಲ, ತಾನೇ ಮೊದಲ ಮಾತು ಎತ್ತಿತು. ಬಳಗದ ಪ್ರಾರ್ಥನೆಯಲ್ಲಿ ಎಲ್ಲೂ ಇಲ್ಲದ ಮಾತು.

"ಕದದ ಹಿಂದ ಇದ್ದವರಿಗಿ..."

ಹೇಳಿ ಸುಮ್ಮನಾಯಿತು. ಅದು ಉತ್ತರಕ್ಕೆ ಕಾಯುತ್ತಿದೆ ಎಂದು ನಾಲ್ವರಿಗೂ ತಿಳಿಯಿತು. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು. ಅದರ ಸದ್ದು ಅಡಗಿದ ಮೇಲೂ ಗೋಡೆ ಕಾಯುತ್ತಲೇ ಇತ್ತು.

ಭಾಗ್ಯಾ ಮರುದಿನ ಬೆಳಿಗ್ಗೆ ಚೀಲ ಹಿಡಿದು ತನ್ನ ಊರಿಗೆ ಹೊರಟಳು. ಶೋಭಾ ತಡೆಯಲಿಲ್ಲ. ಅವಳನ್ನು ಬಸ್ಸಿಗೆ ಬಿಟ್ಟು ಬಂದ ಆಮ್ರಪಾಲಿ ಮನೆಯೊಳಗೆ ಹೋಗದೆ ಪಕ್ಕದ ಅಂಗಳಕ್ಕೆ ಕಾಲಿಟ್ಟಳು.

ಸಾವಂತ್ರೆವ್ವ ತಲೆಗೆ ಬಟ್ಟೆ ಸುತ್ತಿಕೊಂಡು ಕಬ್ಬು ಕಡಿಯಲು ಹೊರಟು ನಿಂತಿದ್ದಳು. ಅರವತ್ತು ದಾಟಿದ ಗಟ್ಟಿ ಮೈಯ ಹೆಂಗಸು.

"ಏನ್ರಿ ಅಕ್ಕಾರ, ಇಷ್ಟು ಮುಂಜಾನೆ?"

"ನಿಮ್ಮ ಹಿಂದಿನ ಖೋಲ್ಯಾಗ ಯಾರ ಅದಾರ ಅಮ್ಮಾ?"

"ಕಣಿಕಿ ಐತಿ."

"ಕಣಿಕಿಗೆ ಕೀಲಿ ಯಾಕ?"

ಸಾವಂತ್ರೆವ್ವ ತನ್ನ ಸೊಂಟದಲ್ಲಿ ಸಿಕ್ಕಿಸಿದ್ದ ಕೀಲಿಕೈಯನ್ನು ಸೆರಗಿನಿಂದ ಮುಚ್ಚಿದಳು. ಸಿಟ್ಟು ಬಂತು. "ನಿಮಗ್ಯಾಕ ಬೇಕ್ರಿ ಮಂದಿ ಮನಿ ಉಸಾಬರಿ?" ಎಂದಳು. ಆಮ್ರಪಾಲಿ ಅಲ್ಲಾಡಲಿಲ್ಲ. ದಿನಾ ಸಂಜೆ ಗೋಡೆಯಿಂದ ತಮಗೆ ಕೇಳಿಸುವುದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. 'ಕದದ ಹಿಂದ' ಎಂಬ ಮಾತು ಬಂದಾಗ ಸಾವಂತ್ರೆವ್ವ ಹೊಸ್ತಿಲ ಮೇಲೆ ಕುಸಿದು ಕೂತಳು.

"ಹೆಂಗಸಿನ ದನಿ?"

"ಹೌದ್ರಿ. ಒಡಕ ದನಿ."

"ನೀವು ಸುಳ್ಳ ಹೇಳಾಕತ್ತೀರಿ" ಎಂದಳು ಸಾವಂತ್ರೆವ್ವ. ಆದರೆ ಎದ್ದು ಹೋಗಿ ಕೀಲಿ ತೆಗೆದಳು.

ಒಳಗೆ ಕತ್ತಲು. ಎದುರಿಗೆ, ಎರಡೂ ಮನೆಗಳಿಗೆ ಸೇರಿದ ಆ ಗೋಡೆಯ ಉದ್ದಕ್ಕೂ ನೆಲದಿಂದ ಮಾಳಿಗೆಯವರೆಗೆ ಜೋಳದ ಕಣಿಕಿ ಒತ್ತಿ ಒಟ್ಟಿತ್ತು. ಇತ್ತ ಬಾಗಿಲ ಪಕ್ಕ, ಕೌದಿಯ ಮೇಲೆ, ಮೊಣಕಾಲು ಅಪ್ಪಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ತಲೆ ಬಾಚಿತ್ತು, ಸೀರೆ ಸ್ವಚ್ಛವಿತ್ತು, ಪಕ್ಕದಲ್ಲಿ ರೊಟ್ಟಿಯ ಬುಟ್ಟಿ, ನೀರಿನ ತಂಬಿಗೆ. ಅವಳು ತಲೆಯೆತ್ತಿ ಆಮ್ರಪಾಲಿಯನ್ನು ನೋಡಿದಳು.

"ನನ್ನ ಮಗಳು, ಮಾಯವ್ವ" ಎಂದಳು ಸಾವಂತ್ರೆವ್ವ. "ಆಕಿಗೆ ದನಿ ಇಲ್ಲ. ಹೊಳಿ ಬಂದ ದಿನಾ ಹೋಗೇತಿ."

ಆ ದಿನ ನೀರು ಇನ್ನೂ ಊರ ಅಗಸಿಬಾಗಿಲ ಹತ್ತಿರವಿದ್ದಾಗ ಮಾಯವ್ವ ಪಕ್ಕದ ರಾಜಪ್ಪನ ಮನೆಯ ಕಾಳಿನ ಚೀಲಗಳನ್ನು ಮಾಳಿಗೆಗೆ ಏರಿಸಲು ಹೋಗಿದ್ದಳು. ಸಣ್ಣ ಮಗ ಸೂರಜ ನೀರು ನೋಡಲು ಓಡಿಯಾನೆಂದು ಅವನನ್ನು ಈ ಖೋಲಿಯೊಳಗೆ ಬಿಟ್ಟು ಕದಕ್ಕೆ ಹೊರಗಿನಿಂದ ಚಿಲಕ ಹಾಕಿದ್ದಳು. ನೀರು ಒಮ್ಮೆಲೇ ಬಂತು. ರಾಜಪ್ಪನ ಮನೆಯ ಬಾಗಿಲಿನಿಂದ ಹೊರಗೆ ಬೀಳಲು ಆಗಲಿಲ್ಲ. ಅಲ್ಲಿನ ಇದೇ ನಡುಮನೆಯ ಗೋಡೆಗೆ ಬಾಯಿ ಹಚ್ಚಿ, ಎದೆಮಟ್ಟದ ನೀರಲ್ಲಿ ನಿಂತು, ಆಚೆಯಿದ್ದ ಮಗನನ್ನು ಕೂಗಿದಳು. ಗಂಡಸರು ಅವಳನ್ನು ಜಗ್ಗಿ ಮಾಳಿಗೆಗೆ ಏರಿಸುವವರೆಗೂ ಕೂಗಿದಳು. ಆಮೇಲೆ ಅವಳ ಬಾಯಿಂದ ಏನೂ ಹೊರಡಲಿಲ್ಲ.

"ಬೆಳಗಾವಿ ಡಾಕ್ಟರಗ ತೋರಿಸಿನಿ. ಗಂಟಲ ಚಲೋ ಐತಿ ಅಂದ್ರು. ಬಿಟ್ಟರ ಹೊಳಿ ಕಡಿ ನಡೀತಾಳ. ನಾ ಕಬ್ಬ ಕಡಿಯಾಕ ಹೋಗಲಿಲ್ಲಂದ್ರ ಒಲಿ ಹತ್ತಂಗಿಲ್ಲ. ಬ್ಯಾರೆ ಎಲ್ಲಿ ಕುಂಡ್ರಸಿದ್ರೂ ಕುಂಡ್ರಂಗಿಲ್ಲ, ಇಲ್ಲೇ ಬರತಾಳ." ಸಾವಂತ್ರೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಮೊಮ್ಮಗ ಸತ್ತ ಖೋಲ್ಯಾಗ ಮಗಳನ್ನ ಕೂಡಿ ಹಾಕಿ ಹೋಗ್ತೇನ್ರಿ ನಾನು. ದಿನಾ."

ಆಮ್ರಪಾಲಿ ಕಣಿಕಿಯ ಒಟ್ಟಿಲನ್ನು ನೋಡಿದಳು. ಅದರ ಆಚೆ ಮೊಳದಗಲ ಕಲ್ಲು. ಇಲ್ಲಿ ಕೂತು ಗಂಟಲು ಹರಿಯುವಂತೆ ಕಿರುಚಿದರೂ ಅತ್ತ ಕೇಳಿಸಲಾರದು. ಮಾಯವ್ವ ಅವಳ ಕಣ್ಣುಗಳನ್ನೇ ಹಿಂಬಾಲಿಸುತ್ತಿದ್ದಳು.

ಅಂದಿನಿಂದ ಸಾವಂತ್ರೆವ್ವ ಕೆಲಸಕ್ಕೆ ಹೋಗುವಾಗ ಮಗಳನ್ನು ಬಳಗದ ಮನೆಯಲ್ಲಿ ಬಿಡತೊಡಗಿದಳು. ಯಾರಾದರೊಬ್ಬರು ಜೊತೆಗಿರುತ್ತಿದ್ದರು. ಮಾಯವ್ವ ಅಂಗಳದಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದಳು, ಪಾಠಕ್ಕೆ ಬರುವ ಮಕ್ಕಳನ್ನು ನೋಡುತ್ತಿದ್ದಳು, ನಡುಮನೆಗೆ ಮಾತ್ರ ಹೆಜ್ಜೆ ಇಡುತ್ತಿರಲಿಲ್ಲ. ಊರಲ್ಲಿ ಗುಸುಗುಸು ಎದ್ದಿತು. ನಾಲ್ಕೈದು ಗಂಡಸರು ಬಾಗಿಲಿಗೆ ಬಂದು, "ತಲಿ ಕೆಟ್ಟಾಕಿನ ಹಿಡದು ಮತಾಂತರ ಮಾಡಾಕತ್ತೀರೇನ್ರಿ?" ಎಂದರು. ಶೋಭಾ ಉತ್ತರಿಸುವ ಮೊದಲೇ ಸಾವಂತ್ರೆವ್ವ ಕುಡುಗೋಲು ಹಿಡಿದೇ ನಡುವೆ ಬಂದಳು.

"ಆಕಿ ಇಷ್ಟ ವರ್ಷ ಕದದ ಹಿಂದ ಕುಂತಾಗ ನಿಮ್ಮಾಗ ಒಬ್ಬರೂ ಬರಲಿಲ್ಲ. ಈಗೇನು, ನೀವು ಕುಂಡ್ರತೀರೇನು ಆಕಿ ಹಂತ್ಯಾಕ? ಕುಂಡ್ರತಿದ್ರ ಬರ್ರಿ."

ಅವರು ಬರಲಿಲ್ಲ.

ಒಂದು ಸಂಜೆ ಸಾವಂತ್ರೆವ್ವ ಬರುವುದು ತಡವಾಯಿತು. ಪ್ರಾರ್ಥನೆಗೆ ಹೊತ್ತಾಗಿತ್ತು. ಮೂವರೂ ನಡುಮನೆಯಲ್ಲಿ ಕೂತರು. ಭಾಗ್ಯಾಳ ಜಾಗ ಖಾಲಿಯಿತ್ತು. ಮಾಯವ್ವ ಬಾಗಿಲ ಚೌಕಟ್ಟು ಹಿಡಿದು ನಿಂತವಳು, ಮೊದಲ ಸಲ ಒಳಗೆ ಬಂದಳು. ಬಂದು ಆಮ್ರಪಾಲಿಯ ಪಕ್ಕ, ಆ ಖಾಲಿ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಹೊಲದಲ್ಲಿ ಇರುವವರಿಗೆ" ಎಂದಳು ಶೋಭಾ.

ಗೋಡೆ ಉತ್ತರಿಸಿತು. ಮಾಯವ್ವನ ಬೆನ್ನು ಬಿಲ್ಲಿನಂತೆ ಬಿಗಿಯಿತು. ಕಳೆದುಹೋದ ತನ್ನ ದನಿ ತನಗೇ ಕೇಳಿಸಿದವಳ ಮುಖವನ್ನು ಆಮ್ರಪಾಲಿ ಅಷ್ಟು ಹತ್ತಿರದಿಂದ ನೋಡಿದಳು. ಅದರಲ್ಲಿ ಅಂಜಿಕೆ ಇರಲಿಲ್ಲ. ಬಹಳ ದಿನದಿಂದ ಹುಡುಕುತ್ತಿದ್ದ ಮನುಷ್ಯ ಸಂತೆಯಲ್ಲಿ ಕಂಡಂತಿತ್ತು. ಸಾಲಿನ ಹಿಂದೆ ಸಾಲು ಮುಗಿಯುತ್ತ ಹೋದವು. ಕೊನೆಗೆ, ಎಲ್ಲರೂ ಕಾಯುತ್ತಿದ್ದ ಆ ಮಾತು ಬಂತು.

"ಕದದ ಹಿಂದ ಇದ್ದವರಿಗಿ..."

ಆಮ್ರಪಾಲಿಗೆ ಪ್ರಾರ್ಥನೆಯ ಭಾಷೆ ಸಿಗಲಿಲ್ಲ. ಮಾಯವ್ವನ ಕೈ ಹಿಡಿದುಕೊಂಡಳು. "ಅದೀವಿ" ಎಂದಳು ಗೋಡೆಗೆ. "ಇಲ್ಲೇ ಅದೀವಿ."

ಮಾಯವ್ವ ಎದ್ದು ತಿರುಗಿ ಕಲ್ಲಿಗೆ ಬಾಯಿ ಹಚ್ಚಿದಳು. ತುಟಿಗಳು ಅಲುಗಿದವು. "ಸೂರಜಾ" ಎಂಬ ಕೂಗು ಮನೆಯನ್ನೆಲ್ಲ ತುಂಬಿತು. ಅದು ಅವಳ ಬಾಯಿಂದ ಬಂತೋ ಗೋಡೆಯಿಂದ ಬಂತೋ, ಅಲ್ಲಿದ್ದ ಮೂವರಲ್ಲಿ ಯಾರೂ ಇಂದಿಗೂ ಆಣೆ ಮಾಡಿ ಹೇಳಲಾರರು. ಆಮೇಲೆ ಅವಳು ಗೋಡೆಗೆ ಕಿವಿಯಿಟ್ಟಳು. ಉಳಿದವರಿಗೆ ಏನೂ ಕೇಳಲಿಲ್ಲ. ಅವಳು ಮಾತ್ರ ಕೇಳುತ್ತಾ ನಿಂತಳು. ನಡುನಡುವೆ ತಲೆಯಾಡಿಸಿದಳು, ಒಮ್ಮೆ ನಕ್ಕಳು ಕೂಡ. ಅಭಿಷೇಕ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟ.

ಆ ಸಂಜೆಯ ನಂತರ ಗೋಡೆ ಮಾತಾಡಲಿಲ್ಲ. ಮಾಯವ್ವ ಮಾತಾಡಿದಳು. ಮೊದಲು ನೀರು, ರೊಟ್ಟಿ, ಯವ್ವಾ. ಆಮೇಲೆ ಸಣ್ಣ ಸಣ್ಣ ಮಾತು. ಹೊಳೆಯ ಕಡೆ ಹೋಗುವುದು ನಿಂತಿತು, ತಾಯಿಯ ಜೊತೆ ಕಬ್ಬಿನ ಗದ್ದೆಗೆ ಹೋಗತೊಡಗಿದಳು. ಸಾವಂತ್ರೆವ್ವ ಹಿಂದಿನ ಖೋಲಿಯ ಕದವನ್ನೇ ಕಿತ್ತು ಒಲೆಗೆ ಹಾಕಿದಳು. ಮಾಯವ್ವ ಕ್ರೈಸ್ತಳಾಗುವ ದೀಕ್ಷಾಸ್ನಾನ ಕೇಳಲಿಲ್ಲ, ಬಳಗದವರೂ ಆ ಮಾತು ಎತ್ತಲಿಲ್ಲ. ಸಂಜೆ ಬಂದು ಆಮ್ರಪಾಲಿಯ ಪಕ್ಕ ಕೂತು ಉತ್ತರ ಹೇಳಿ ಹೋಗುತ್ತಿದ್ದಳು.

ಒಂದು ವಿಚಿತ್ರ ಮಾತ್ರ ಉಳಿದಿತ್ತು. ಅದನ್ನು ಮೊದಲು ಗಮನಿಸಿದ್ದು ಪಾಠಕ್ಕೆ ಬರುವ ಮಕ್ಕಳು. ಮಾಯವ್ವನ ತುಟಿ ಮೊದಲು ಅಲುಗುತ್ತಿತ್ತು, ದನಿ ಆಮೇಲೆ ಬರುತ್ತಿತ್ತು. ದೂರದ ಹೊಲದಲ್ಲಿ ಕಟ್ಟಿಗೆ ಕಡಿಯುವವನ ಕೊಡಲಿ ಮೊದಲು ಕಂಡು ಸದ್ದು ಆಮೇಲೆ ಕೇಳಿಸುವಂತೆ. ಮಕ್ಕಳು ಮೊದಮೊದಲು ನಗುತ್ತಿದ್ದರು, ಆಮೇಲೆ ನಗುವುದನ್ನು ಬಿಟ್ಟರು.

ಮುಂದಿನ ವರ್ಷ ಬಳಗ ಆಮ್ರಪಾಲಿಯನ್ನು ಕಲ್ಲೋಳಿಗೆ ಕಳಿಸಿತು. ಹೊರಡುವ ಮುಂಜಾನೆ ಅವಳು ಅಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಅವನು, "ಹುಕ್ಕೇರಿಗಿ ಬರೂವಾಗ ಆ ಮಾಯವ್ವನ್ನೂ ಕರಕೊಂಡ ಬಾ, ನಮ್ಮ ಮನ್ಯಾಗ ಎರಡ ದಿನಾ ಇದ್ದ ಹೋಗಲಿ" ಎಂದ.

ಮಾಯವ್ವ ಬಾಗಿಲಲ್ಲಿ ನಿಂತು ಬೀಳ್ಕೊಟ್ಟಳು. ಅವಳ ತುಟಿ ಏನೋ ಹೇಳಿ ಮುಗಿಸಿತು. ಆಮ್ರಪಾಲಿ ಕೈ ಬೀಸಿ ಅಭಿಷೇಕನ ಗಾಡಿ ಏರಿದಳು. ಊರು ದಾಟಿ, ಕಬ್ಬಿನ ಗದ್ದೆಗಳು ಎರಡೂ ಕಡೆ ಮುಚ್ಚಿಕೊಳ್ಳುವ ತಿರುವಿನಲ್ಲಿ, ಕಿವಿಯ ಪಕ್ಕದಲ್ಲೇ ಒಡಕಲು ದನಿ ಕೇಳಿಸಿತು: "ಹೋಗಿ ಬರ್ರಿ ಅಕ್ಕಾರ."

ಅಭಿಷೇಕ ಗಾಡಿ ನಿಧಾನ ಮಾಡಿದ. ಅವನಿಗೂ ಕೇಳಿಸಿತ್ತು.

"ಬರತೇನಿ" ಎಂದಳು ಆಮ್ರಪಾಲಿ, ತಿರುಗಿ ನೋಡುತ್ತ.